ಆನ್‌ಲೈನ್ ಪದವಿ ಹೊರದೇಶದಲ್ಲಿ ನಡೆಯುತ್ತಾ? ಕೆಲಸಕ್ಕೆ ಬೇರೆ ಲೆಕ್ಕ, ವೀಸಾಕ್ಕೆ ಬೇರೆ ಲೆಕ್ಕ

"ಈ ಪದವಿ ಹೊರಗಡೆ ನಡೆಯುತ್ತಾ?" ಎಂದು ಕೇಳುವವರು ಸಾಮಾನ್ಯವಾಗಿ ಎರಡು ಮೂರು ಕೋರ್ಸ್‌ಗಳ ಮಾಹಿತಿ ಮುಂದಿಟ್ಟುಕೊಂಡು ಕೂತಿರುತ್ತಾರೆ. ಒಂದು ಹೊರದೇಶದ ದೊಡ್ಡ ಹೆಸರಿನದು, ಫೀಸು ಜಾಸ್ತಿ. ಇನ್ನೊಂದು ತಮ್ಮ ದೇಶದ್ದೇ, ಫೀಸು ಕಡಿಮೆ. ಮೂರನೆಯದು ಕ್ಯಾಂಪಸ್ಸೇ ಇಲ್ಲದೆ ಪೂರ್ತಿ ಇಂಟರ್‌ನೆಟ್ಟಿನಲ್ಲೇ ನಡೆಯುವ ವಿಶ್ವವಿದ್ಯಾಲಯ. ಮೂರರ ಜಾಹೀರಾತಿನಲ್ಲೂ "ಜಗತ್ತಿನಾದ್ಯಂತ ಮಾನ್ಯತೆ" ಎಂಬ ಸಾಲು ಇದ್ದೇ ಇರುತ್ತದೆ.

ಆ ಸಾಲನ್ನು ಮೊದಲು ಪಕ್ಕಕ್ಕಿಡಿ. ಇಡೀ ಜಗತ್ತಿಗೆ ಸೇರಿ ಪದವಿಗೆ ಮೊಹರು ಒತ್ತುವ ಕಚೇರಿ ಎಲ್ಲೂ ಇಲ್ಲ. ಯುನೆಸ್ಕೋದ ಒಂದು ಜಾಗತಿಕ ಒಪ್ಪಂದ ಇದೆ, ನಿಜ. 2019ರಲ್ಲಿ ಅಂಗೀಕಾರವಾಗಿ 2023ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಆನ್‌ಲೈನ್ ಓದನ್ನೂ ನ್ಯಾಯವಾಗಿ ತೂಗಿ ನೋಡಬೇಕು ಎಂದು ಅದು ಹೇಳುತ್ತದೆ. ಆದರೆ ಅದನ್ನು ಒಪ್ಪಿ ಸೇರಿಕೊಂಡ ದೇಶಗಳಿಗೆ ಮಾತ್ರ ಅದು ಅನ್ವಯ. ಅಲ್ಲೂ ಅದು ಕೊಡುವುದು ತೂಗಿ ನೋಡಿಸಿಕೊಳ್ಳುವ ಹಕ್ಕು. ಕೆಲಸ, ವೀಸಾ ಕೊಡುವುದಿಲ್ಲ.

ಹಾಗಾಗಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕು: ನಿಮ್ಮ ಪದವಿ ಪತ್ರ ಯಾರ ಮೇಜಿನ ಮೇಲೆ ಹೋಗಿ ಬೀಳುತ್ತದೆ?

ಮೂರು ಮೇಜುಗಳು

ಮೊದಲನೆಯದು ಕೆಲಸ ಕೊಡುವವರ ಮೇಜು. ಇಲ್ಲಿ ಬರೆದಿಟ್ಟ ನಿಯಮ ಕಡಿಮೆ, ಅಭಿಪ್ರಾಯ ಜಾಸ್ತಿ. ಸಾಫ್ಟ್‌ವೇರ್, ಡೇಟಾ, ಮಾರ್ಕೆಟಿಂಗ್ ಕಡೆಯವರು ನೀವು ಏನು ಮಾಡಿದ್ದೀರಿ ಎಂದು ನೋಡುತ್ತಾರೆ. ಬ್ಯಾಂಕು, ಸರ್ಕಾರಿ ಹುದ್ದೆ, ವಿಶ್ವವಿದ್ಯಾಲಯದ ಹುದ್ದೆಗಳಲ್ಲಿ ಕಾಗದಕ್ಕೆ ತೂಕ ಹೆಚ್ಚು.

ಎರಡನೆಯದು ವೀಸಾ ಅಧಿಕಾರಿಯ ಮೇಜು. ಇವರಿಗೆ ನಿಮ್ಮ ಪ್ರತಿಭೆ ಬೇಕಿಲ್ಲ. ನಿಯಮದಲ್ಲಿ ಕೇಳಿರುವ ಕಾಗದ ಇದೆಯಾ, ಅದನ್ನು ಕೊಟ್ಟ ಸಂಸ್ಥೆಗೆ ಮಾನ್ಯತೆ ಇದೆಯಾ, ಅಷ್ಟೇ.

ಮೂರನೆಯದು ಪರವಾನಗಿ ಕೊಡುವ ಮಂಡಳಿ. ವೈದ್ಯರು, ನರ್ಸ್, ವಕೀಲರು, ಶಾಲಾ ಶಿಕ್ಷಕರು, ಆರ್ಕಿಟೆಕ್ಟ್, ಹಲವು ಕಡೆ ಎಂಜಿನಿಯರ್‌ಗಳೂ ಈ ಮೇಜನ್ನು ದಾಟಬೇಕು. ಆನ್‌ಲೈನ್ ಪದವಿಗಳು ಹೆಚ್ಚು ಎಡವುವುದು ಇಲ್ಲೇ. ಆಸ್ಪತ್ರೆಯಲ್ಲಿ ಕಳೆದ ಗಂಟೆ, ತರಗತಿಯಲ್ಲಿ ಮಕ್ಕಳಿಗೆ ಪಾಠ ಮಾಡಿದ ಗಂಟೆ, ಪ್ರಯೋಗಾಲಯದ ಗಂಟೆ, ಎಲ್ಲವನ್ನೂ ಇವರು ಎಣಿಸುತ್ತಾರೆ.

ಒಂದೇ ಪದವಿ ಮೊದಲ ಮೇಜಿನಲ್ಲಿ ಪಾಸಾಗಿ ಎರಡನೆಯದರಲ್ಲಿ ನಪಾಸಾಗಬಹುದು. ತಿರುಗಾಮುರುಗಾ ಕೂಡ ಆಗಬಹುದು.

ಯಾವುದನ್ನು ಇಟ್ಟು ಅಳೆಯಬೇಕು

ಆಯ್ಕೆಗಳಿಗೆ ಹೋಗುವ ಮೊದಲು ಅಳತೆಗೋಲು ಬೇಕಲ್ವಾ. ನಾನು ನೋಡುವುದು ಇವನ್ನು.

ಮೊದಲು, ಸಂಸ್ಥೆಗೆ ಅದರ ಸ್ವಂತ ದೇಶದಲ್ಲಿ ಮಾನ್ಯತೆ ಇದೆಯಾ? ಉಳಿದ ಎಲ್ಲ ದೇಶಗಳೂ ಇದನ್ನೇ ಮೊದಲು ಕೇಳುತ್ತವೆ. ಮನೆಯಲ್ಲೇ ನಡೆಯದ ಪದವಿ ಹೊರಗೆ ನಡೆಯುವುದಿಲ್ಲ. ಮಾನ್ಯತೆ ಕೊಟ್ಟವರು ಯಾರು ಎಂಬುದನ್ನೂ ನೋಡಬೇಕು. ನಕಲಿ ವಿಶ್ವವಿದ್ಯಾಲಯಗಳು ತಮಗೆ ತಾವೇ ನಕಲಿ ಮಾನ್ಯತಾ ಮಂಡಳಿಗಳನ್ನೂ ಕಟ್ಟಿಕೊಂಡಿರುತ್ತವೆ. 2015ರಲ್ಲಿ ಪಾಕಿಸ್ತಾನದ ಆಕ್ಸಾಕ್ಟ್ ಕಂಪನಿಯ ಜಾಲ ಬಯಲಾದಾಗ ಕಂಡದ್ದು ಇದೇ. ಅಮೆರಿಕದ ಸಂಸ್ಥೆಯಾದರೆ ಅಲ್ಲಿನ ಶಿಕ್ಷಣ ಇಲಾಖೆಯ ಪಟ್ಟಿ, ಇಲ್ಲವೇ ಚಿಯಾ ಎಂಬ ಮಂಡಳಿಯ ಪಟ್ಟಿ ನೋಡಿ. ಬ್ರಿಟನ್ನಿನದಾದರೆ, ಪದವಿ ಕೊಡುವ ಅಧಿಕಾರ ಇರುವ ಸಂಸ್ಥೆಗಳ ಸರ್ಕಾರಿ ಪಟ್ಟಿ ಇದೆ. ಸಂಸ್ಥೆಯ ವೆಬ್‌ಸೈಟಿನಲ್ಲಿರುವ ಲೋಗೊ ನಂಬಬೇಡಿ. ಪಟ್ಟಿಯನ್ನೇ ತೆರೆದು ಹೆಸರು ಹುಡುಕಿ.

ಎರಡನೆಯದು, ಮಾನ್ಯತೆ ಯಾವತ್ತಿನಿಂದ? ಇದನ್ನು ಕೇಳುವವರೇ ಕಡಿಮೆ. ಅಮೆರಿಕದ ಎಚ್‌-1ಬಿ ಎಂಬ ಕೆಲಸದ ವೀಸಾದಲ್ಲಿ ಸ್ನಾತಕೋತ್ತರ ಪದವಿಯವರಿಗೆ ಪ್ರತ್ಯೇಕ ಕೋಟಾ ಇದೆ. ಆ ಕೋಟಾಕ್ಕೆ ನೀವು ಪದವಿ ಪಡೆದ ದಿನ ಸಂಸ್ಥೆಗೆ ಮಾನ್ಯತೆ ಇದ್ದಿರಬೇಕು ಎಂದು 2017ರ ಒಂದು ತೀರ್ಮಾನದಲ್ಲಿ ವಲಸೆ ಇಲಾಖೆ ಸ್ಪಷ್ಟವಾಗಿ ಹೇಳಿದೆ. "ಇನ್ನೇನು ಬರುತ್ತೆ" ಎನ್ನುವ ಮಾನ್ಯತೆಯನ್ನು ನಂಬಿ ಫೀಸು ಕಟ್ಟಬೇಡಿ.

ಮೂರನೆಯದು, ಪದವಿ ಪತ್ರದಲ್ಲಿ, ಅಂಕಪಟ್ಟಿಯಲ್ಲಿ "ಆನ್‌ಲೈನ್" ಅಥವಾ "ದೂರಶಿಕ್ಷಣ" ಎಂದು ಬರುತ್ತದೆಯಾ? ಪದವಿ ಪತ್ರದಲ್ಲಿ ಇಲ್ಲದ್ದು ಅಂಕಪಟ್ಟಿಯಲ್ಲಿ ಇರಬಹುದು. ಒಂದು ವಿಶ್ವವಿದ್ಯಾಲಯಕ್ಕೆ ನಾನು ಇದನ್ನೇ ಎರಡು ಸಲ ಬರೆದು ಕೇಳಿದೆ. ಪ್ರವೇಶ ವಿಭಾಗದವರು ಇಲ್ಲ ಎಂದರು, ಪರೀಕ್ಷಾ ವಿಭಾಗದವರು ಹೌದು ಎಂದರು. ಮಾದರಿ ಪ್ರತಿ ತರಿಸಿಕೊಂಡು ನೋಡಿದ ಮೇಲೇ ಗೊತ್ತಾದದ್ದು. ಇನ್ನೊಂದು ಮಾತು: ಕಾಗದದಲ್ಲಿ ಇಲ್ಲ ಅಂತ ಅರ್ಜಿಯಲ್ಲಿ ಮುಚ್ಚಿಡಬಾರದು. ಎಲ್ಲಿ ಓದಿದಿರಿ ಎಂದು ನೇರವಾಗಿ ಕೇಳಿದಾಗ ಸುಳ್ಳು ಹೇಳಿದರೆ ಹೋಗುವುದು ಪದವಿಯಲ್ಲ, ವೀಸಾ.

ನಾಲ್ಕನೆಯದು, ಎಷ್ಟು ವರ್ಷದ ಪದವಿ. ಅಮೆರಿಕದಲ್ಲಿ ಮೊದಲ ಪದವಿ ಎಂದರೆ 4 ವರ್ಷ. 3 ವರ್ಷದ ಪದವಿಯನ್ನು ಕೆಲವು ಮೌಲ್ಯಮಾಪನ ಸಂಸ್ಥೆಗಳು (ಹೊರದೇಶದ ಪದವಿಯನ್ನು ಅಲ್ಲಿನ ಪದವಿಗೆ ಹೋಲಿಸಿ ವರದಿ ಕೊಡುವವರು) ಸಮ ಎನ್ನುತ್ತವೆ, ಕೆಲವು ಒಪ್ಪುವುದಿಲ್ಲ. ಆನ್‌ಲೈನ್ ಆಗಿರಲಿ ಆಗದಿರಲಿ, ಈ ಸಮಸ್ಯೆ ಹಾಗೇ ಇರುತ್ತದೆ. ಸುಮ್ನೆ ಆನ್‌ಲೈನ್ ಮೇಲೆ ತಪ್ಪು ಹೊರಿಸುತ್ತೇವೆ.

ಕೊನೆಗೆ ಖರ್ಚು. ಫೀಸು ಮಾತ್ರ ಅಲ್ಲ, ಆಮೇಲಿನ ಕಾಗದಪತ್ರದ ಖರ್ಚೂ ಸೇರಿ. ಅದಕ್ಕೆ ಮುಂದೆ ಬರುತ್ತೇನೆ.

ಎಲ್ಲಕ್ಕಿಂತ ಮೊದಲು ಗೊತ್ತಿರಬೇಕಾದ ನಷ್ಟ

ಹೊರದೇಶದ ಪದವಿ ಎಂದಾಗ ನಮ್ಮ ಮನಸ್ಸಿನಲ್ಲಿ ಎರಡು ಸಂಗತಿ ಒಟ್ಟಿಗೆ ಬೆಸೆದುಕೊಂಡಿವೆ: ಆ ಪದವಿ, ಮತ್ತು ಓದು ಮುಗಿದ ಮೇಲೆ ಅಲ್ಲೇ ಉಳಿದು ಕೆಲಸ ಹುಡುಕುವ ಅವಕಾಶ. ಆನ್‌ಲೈನ್ ಓದಿನಲ್ಲಿ ಮೊದಲನೆಯದು ಮಾತ್ರ ಸಿಗುತ್ತದೆ. ಎರಡನೆಯದು ಅಲ್ಲಿ ಹೋಗಿ ಇದ್ದದ್ದಕ್ಕೆ ಸಿಗುವಂಥದ್ದು. ಪದವಿ ಒಂದರಿಂದಲೇ ಅದು ಬರುವುದಿಲ್ಲ.

ಅಮೆರಿಕದಲ್ಲಿ ಓದಿದವರಿಗೆ 12 ತಿಂಗಳ ಒಪಿಟಿ ಎಂಬ ಕೆಲಸದ ಅನುಮತಿ, ವಿಜ್ಞಾನ ತಂತ್ರಜ್ಞಾನದವರಿಗೆ ಇನ್ನೂ 24 ತಿಂಗಳು ಸಿಗುತ್ತದೆ. ಅದು ಎಫ್‌-1 ಎಂಬ ವಿದ್ಯಾರ್ಥಿ ವೀಸಾದ ಮೇಲೆ ಅಲ್ಲಿದ್ದವರಿಗೆ. ಆ ವೀಸಾದಲ್ಲಿ ಒಂದು ಸೆಮಿಸ್ಟರ್‌ಗೆ ಒಂದೇ ಆನ್‌ಲೈನ್ ವಿಷಯ, ಅಂದರೆ 3 ಕ್ರೆಡಿಟ್, ಪೂರ್ಣಾವಧಿ ಓದಿನ ಲೆಕ್ಕಕ್ಕೆ ಸೇರುತ್ತದೆ. ಓದಿನ ನಂತರ ಉಳಿಯಲು ಕೊಡುವ ಬ್ರಿಟನ್ನಿನ ಗ್ರಾಜುಯೇಟ್ ವೀಸಾಕ್ಕೆ ವಿದ್ಯಾರ್ಥಿ ವೀಸಾದಲ್ಲಿ ಅಲ್ಲೇ ಇದ್ದು ಓದಿರಬೇಕು. ಕೆನಡಾದಲ್ಲಿ ಓದಿನ ನಂತರದ ಕೆಲಸದ ಪರವಾನಗಿಗೆ ಕನಿಷ್ಠ ಅರ್ಧ ಕೋರ್ಸನ್ನು ಅಲ್ಲಿನ ತರಗತಿಯಲ್ಲೇ ಕೂತು ಮುಗಿಸಿರಬೇಕು. ದೂರಶಿಕ್ಷಣದ ಕೋರ್ಸ್‌ಗೆ ಅದು ಸಿಗುವುದೇ ಇಲ್ಲ. ಇಂಥದ್ದೇ ಆದ ಆಸ್ಟ್ರೇಲಿಯಾದ 485 ವೀಸಾಕ್ಕೆ 92 ವಾರದ ಓದು ಬೇಕು, ಅದಕ್ಕಾಗಿ ಕನಿಷ್ಠ 16 ತಿಂಗಳು ಆ ದೇಶದಲ್ಲಿ ಇದ್ದಿರಬೇಕು.

ವಿವರ ಬೇರೆಯಾದರೂ ನಾಲ್ಕೂ ಕಡೆ ಸಾರ ಒಂದೇ, ಗಮನಿಸಿ. ಆನ್‌ಲೈನ್ ಪದವಿ ಅಗ್ಗ ಏಕೆ ಎಂದರೆ ಊಟ, ವಸತಿ ಉಳಿಯುತ್ತದೆ ಎಂದು ಮಾತ್ರ ಲೆಕ್ಕ ಹಾಕಬೇಡಿ. ಆ ಅಗ್ಗದ ಪ್ಯಾಕೆಟ್ಟಿನಲ್ಲಿ ಓದಿನ ನಂತರದ ಈ ಅವಕಾಶವೂ ಇರುವುದಿಲ್ಲ.

ಹೆಸರಿರುವ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿ

ಎಲ್ಲರ ಕಣ್ಣು ಇದರ ಮೇಲೆ. ಲಂಡನ್ ವಿಶ್ವವಿದ್ಯಾಲಯ ದೂರದಲ್ಲಿದ್ದು ಓದುವವರಿಗೆ 1858ರಿಂದಲೇ ಪದವಿಯ ಬಾಗಿಲು ತೆರೆದಿಟ್ಟಿದೆ, ಇಂಟರ್‌ನೆಟ್ ಕನಸೂ ಇಲ್ಲದ ಕಾಲ. ಜಾರ್ಜಿಯಾ ಟೆಕ್ 2014ರಲ್ಲಿ ಕಂಪ್ಯೂಟರ್ ಸೈನ್ಸ್ ಸ್ನಾತಕೋತ್ತರ ಪದವಿಯನ್ನು ಆನ್‌ಲೈನ್ ಮಾಡಿತು. ಒಟ್ಟು ಖರ್ಚು 7,000 ಡಾಲರ್ ಆಸುಪಾಸು, ನೀವು ಎಷ್ಟು ಸೆಮಿಸ್ಟರ್ ಎಳೆಯುತ್ತೀರಿ ಅನ್ನುವುದರ ಮೇಲೆ ಹೆಚ್ಚು ಕಡಿಮೆ. ಕ್ಯಾಂಪಸ್ಸಿನವರಿಗೆ ಕೊಡುವ ಪದವಿಯೇ ಇವರಿಗೂ. ಪತ್ರದಲ್ಲಿ ಆನ್‌ಲೈನ್ ಎಂಬ ಪದ ಇಲ್ಲ.

ಮೊದಲ ಮೇಜಿನಲ್ಲಿ ಇದಕ್ಕೆ ತೊಂದರೆ ಇಲ್ಲ. ಹೆಸರು ಗೊತ್ತಿರುವ ಕಡೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಎರಡನೇ ಮೇಜಿನಲ್ಲಿ ದೇಶದ ಮೇಲೆ ಹೋಗುತ್ತದೆ. ಎಚ್‌-1ಬಿಯಲ್ಲಿ ವರ್ಷಕ್ಕೆ 65,000 ಸಾಮಾನ್ಯ ಸ್ಥಾನ, ಅಮೆರಿಕದ ಸ್ನಾತಕೋತ್ತರ ಪದವಿ ಇದ್ದವರಿಗೆ ಇನ್ನೂ 20,000. ಈ 20,000ಕ್ಕೆ ಕಾನೂನು ಕೇಳುವುದು ಸಂಸ್ಥೆ ಅಮೆರಿಕದ್ದಾ, ಮಾನ್ಯತೆ ಇದೆಯಾ, ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯಾ ಎಂದು. ಎಲ್ಲಿ ಕೂತು ಓದಿದಿರಿ ಎಂಬ ಪ್ರಶ್ನೆ ಆ ಸಾಲಿನಲ್ಲಿಲ್ಲ. ಲಾಭಕ್ಕಾಗಿ ನಡೆಯುವ ವಿಶ್ವವಿದ್ಯಾಲಯದ ಪದವಿ ಮಾತ್ರ ಎಷ್ಟು ದುಬಾರಿಯಾಗಿದ್ದರೂ ಇಲ್ಲಿ ಲೆಕ್ಕಕ್ಕಿಲ್ಲ.

ಆದರೆ ಖುಷಿಪಡುವ ಮೊದಲು ಇನ್ನೊಂದು ವಿಷಯ. ಅಮೆರಿಕದ ಹೊರಗಿರುವವರ ಪರವಾಗಿ ಹಾಕುವ ಹೊಸ ಎಚ್‌-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕು ಎಂಬ ಆದೇಶ 2025ರ ಸೆಪ್ಟೆಂಬರ್‌ನಲ್ಲಿ ಬಂತು. ಆನ್‌ಲೈನ್ ಓದಿದವರು ಹೊರಗೇ ಇರುತ್ತಾರೆ, ಅಲ್ವಾ? ಪದವಿ ಗಟ್ಟಿ ಇದ್ದರೂ ಅಷ್ಟು ದುಡ್ಡು ಹಾಕಿ ಕರೆಸಿಕೊಳ್ಳುವ ಕಂಪನಿ ಸಿಗುವುದು ಕಷ್ಟ. ಇಂಥ ಆದೇಶಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ವಾರ ಏನಿದೆ ಎಂದು ನೋಡಬೇಕು.

ಕೆನಡಾಕ್ಕೆ ಇದೇ ಪದವಿ ಬೇರೆ ರೀತಿ ಕೆಲಸಕ್ಕೆ ಬರುತ್ತದೆ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ಅಂಕದ ಲೆಕ್ಕದಲ್ಲಿ ಕಾಯಂ ವಾಸಕ್ಕೆ ಆರಿಸುವ ಪದ್ಧತಿಯಲ್ಲಿ, ಹೊರದೇಶದ ಪದವಿಯನ್ನು ಡಬ್ಲ್ಯೂಇಎಸ್ ಥರದ ಗೊತ್ತುಮಾಡಿದ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ವರದಿ 5 ವರ್ಷ ನಡೆಯುತ್ತದೆ. ಮಾನ್ಯ ಸಂಸ್ಥೆಯ ಪದವಿಯಾದರೆ ಓದಿಗೆ ಅಂಕ ಸಿಗುತ್ತದೆ. ಮಜಾ ಎಂದರೆ, ಕೆನಡಾದ್ದೇ ವಿಶ್ವವಿದ್ಯಾಲಯದಲ್ಲಿ ಮನೆಯಿಂದಲೇ ಆನ್‌ಲೈನ್ ಓದಿದರೂ "ಕೆನಡಾದಲ್ಲಿ ಓದಿದ್ದಕ್ಕೆ" ಎಂದು ಕೊಡುವ ಹೆಚ್ಚುವರಿ ಅಂಕ ಬರುವುದಿಲ್ಲ. ಅದಕ್ಕೆ ಕನಿಷ್ಠ 8 ತಿಂಗಳು ಅಲ್ಲಿ ಇದ್ದು ಓದಿರಬೇಕು. ಆ ಅಂಕದ ಆಸೆಗೆ ಕೆನಡಾದ ಆನ್‌ಲೈನ್ ಕೋರ್ಸ್ ಸೇರಬೇಡಿ.

ನಿಮ್ಮ ದೇಶದ ಮಾನ್ಯ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿ

ಇದನ್ನು ಜನ ಸಲೀಸಾಗಿ ಕಡೆಗಣಿಸುತ್ತಾರೆ. ನನ್ನ ಪ್ರಕಾರ ಪದವಿಯೇ ಇಲ್ಲದವರಿಗೆ ಇದು ಒಳ್ಳೆಯ ಆಯ್ಕೆ. ವೀಸಾ ಮೇಜಿನವರಿಗೆ ಬೇಕಿರುವುದು ಹೆಸರಲ್ಲ, ಮಾನ್ಯತೆ.

ಜರ್ಮನಿಯನ್ನೇ ನೋಡಿ. ಅಲ್ಲಿ ಅನಾಬಿನ್ ಎಂಬ ಸಾರ್ವಜನಿಕ ಪಟ್ಟಿ ಇದೆ. ನಿಮ್ಮ ವಿಶ್ವವಿದ್ಯಾಲಯದ ಹೆಸರಿನ ಮುಂದೆ ಎಚ್‌ ಪ್ಲಸ್ ಇದ್ದರೆ ಸಂಸ್ಥೆ ಮಾನ್ಯ. ಎಚ್‌ ಮೈನಸ್ ಇದ್ದರೆ ಇಲ್ಲ. ಪ್ಲಸ್ ಮೈನಸ್ ಎರಡೂ ಇದ್ದರೆ ಒಂದೊಂದು ಪದವಿಯನ್ನೂ ಬೇರೆಯಾಗಿ ನೋಡಬೇಕು. ಪಟ್ಟಿಯಲ್ಲಿ ನಿಮ್ಮ ಪದವಿ ಸಿಗದಿದ್ದರೆ ಝಡ್‌ಎಬಿ ಎಂಬ ಕಚೇರಿಗೆ 208 ಯೂರೊ ಕಟ್ಟಿ ಹೋಲಿಕೆ ಪತ್ರ ತರಿಸಿಕೊಳ್ಳಬಹುದು. ಫೀಸು ಕಟ್ಟುವ ಮೊದಲೇ, ಮನೆಯಲ್ಲೇ ಕೂತು, ಐದು ನಿಮಿಷದಲ್ಲಿ ನೋಡಬಹುದಾದ ಪಟ್ಟಿ ಇದು. ಜರ್ಮನಿಗೆ ಹೋಗುವ ಯೋಚನೆ ಇಲ್ಲದವರೂ ಒಮ್ಮೆ ನೋಡಲಿ. ಅಲ್ಲಿ ಎಚ್‌ ಮೈನಸ್ ಬಿದ್ದ ಸಂಸ್ಥೆಯ ಬಗ್ಗೆ ಬೇರೆ ಕಡೆಯೂ ಹುಷಾರಾಗಿರಬೇಕು.

ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾದಲ್ಲಂತೂ ಲೆಕ್ಕವೇ ಬೇರೆ. ಅಲ್ಲಿ ಮುಖ್ಯವಾಗಿ ತೂಗುವುದು ಕೆಲಸವನ್ನು. 2025ರ ಜುಲೈನಿಂದ ಹೊಸಬರಿಗೆ ಆ ಕೆಲಸ ಪದವಿ ಮಟ್ಟದ್ದಾಗಿರಬೇಕು, ಸಂಬಳ ಮಿತಿಗಿಂತ ಮೇಲಿರಬೇಕು, ಕಂಪನಿಗೆ ಹೊರಗಿನವರನ್ನು ಕರೆಸಿಕೊಳ್ಳುವ ಪ್ರಾಯೋಜಕ ಪರವಾನಗಿ ಇರಬೇಕು. ನಿಮ್ಮ ಪದವಿ ಆನ್‌ಲೈನಾ ಅಲ್ಲವಾ ಎಂದು ತಲೆ ಕೆಡಿಸಿಕೊಳ್ಳುವವರು ಕಂಪನಿಯವರೇ ಹೊರತು ವೀಸಾದವರಲ್ಲ.

ಕೊರತೆ ಎಲ್ಲಿ? ಹೊರದೇಶದ ಕಂಪನಿಗೆ ಹೆಸರು ಪರಿಚಯ ಇರುವುದಿಲ್ಲ. ಮೊದಲ ಕೆಲಸ ಹೊರಗೇ ಹುಡುಕುವವರಿಗೆ ಇದು ತೊಡಕು. ಐದಾರು ವರ್ಷದ ಅನುಭವ ಇರುವವರಿಗೆ ಅಷ್ಟೇನೂ ಅಲ್ಲ.

ಗಲ್ಫ್ ದೇಶಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿ ಪದವಿಯ ದೃಢೀಕರಣ, ಸಮಾನತೆ ಪತ್ರ ಎರಡರಲ್ಲೂ ಬಿಗಿ ಜಾಸ್ತಿ. ಓದಿದ ವಿಧಾನವನ್ನೂ ಕೇಳುವುದುಂಟು. ದೂರಶಿಕ್ಷಣದ ಪದವಿ ನಂಬಿ ಅಲ್ಲಿಗೆ ಹೊರಡುವವರು ಆ ದೇಶದ, ಆ ಹುದ್ದೆಯ ನಿಯಮವನ್ನು ಕಂಪನಿಯಿಂದ ಬರಹದಲ್ಲಿ ತರಿಸಿಕೊಳ್ಳಲೇಬೇಕು.

ಕ್ಯಾಂಪಸ್ ಇಲ್ಲದ, ಆನ್‌ಲೈನ್ ಮಾತ್ರದ ವಿಶ್ವವಿದ್ಯಾಲಯ

ಇಲ್ಲಿ ಚಿನ್ನವೂ ಇದೆ, ಗಿಲೀಟೂ ಇದೆ. ಯೂನಿವರ್ಸಿಟಿ ಆಫ್ ದಿ ಪೀಪಲ್ 2009ರಲ್ಲಿ ಶುರುವಾಯಿತು. ಪಾಠಕ್ಕೆ ಫೀಸಿಲ್ಲ, ಒಂದೊಂದು ವಿಷಯದ ಮೌಲ್ಯಮಾಪನಕ್ಕೆ ಕಟ್ಟಬೇಕು. 2014ರಲ್ಲಿ ಅಮೆರಿಕದ ಡಿಇಎಸಿ ಎಂಬ ಮಂಡಳಿಯ ಮಾನ್ಯತೆ ಬಂತು, 2025ರಲ್ಲಿ ಪ್ರಾದೇಶಿಕ ಮಾನ್ಯತೆಯೂ ಬಂತು. ದುಡ್ಡಿಲ್ಲದವರಿಗೆ ನಿಜವಾದ ದಾರಿ.

ಆದರೆ ಅಮೆರಿಕದ ಮಾನ್ಯತೆಯಲ್ಲೂ ಹಳೆಯ ಒಂದು ಮೇಲು ಕೀಳು ಇದೆ. ಪ್ರಾದೇಶಿಕ ಮಾನ್ಯತೆ ಮೇಲು, ರಾಷ್ಟ್ರೀಯ ಮಾನ್ಯತೆ ಕೆಳಗೆ. ಹೆಸರು ಕೇಳಿದರೆ ಉಲ್ಟಾ ಅನ್ನಿಸುತ್ತದೆ, ಇರುವುದು ಹಾಗೇ. ಡಿಇಎಸಿ ಎರಡನೆಯ ಗುಂಪಿನದು. 2020ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಈ ಭೇದವನ್ನು ನಿಯಮದಿಂದ ತೆಗೆದುಹಾಕಿತು. ಜನರ ಮನಸ್ಸಿನಿಂದ, ಪ್ರವೇಶ ಸಮಿತಿಗಳ ಅಭ್ಯಾಸದಿಂದ ಅದು ಹೋಗಿಲ್ಲ. ಹಾಗಾಗಿ ರಾಷ್ಟ್ರೀಯ ಮಾನ್ಯತೆ ಮಾತ್ರ ಇರುವ ಸಂಸ್ಥೆ ಸೇರುವ ಮುನ್ನ ನೀವು ಮುಂದೆ ಓದಬೇಕು ಎಂದುಕೊಂಡಿರುವ ಎರಡು ವಿಶ್ವವಿದ್ಯಾಲಯಗಳಿಗೆ ಬರೆದು ಒಪ್ಪುತ್ತಾರಾ ಎಂದು ಕೇಳಿ.

"ನಿಮ್ಮ ಜೀವನಾನುಭವಕ್ಕೇ ಪದವಿ", "ಎರಡು ವಾರದಲ್ಲಿ ಪದವಿ" ಎನ್ನುವವರ ಹತ್ತಿರ ಮಾತೇ ಬೇಡ.

ಅರ್ಧ ಇಲ್ಲಿ, ಅರ್ಧ ಅಲ್ಲಿ

ಮೊದಲ ಭಾಗ ಆನ್‌ಲೈನ್ ಓದಿ, ಕ್ರೆಡಿಟ್ ಸಮೇತ ಕ್ಯಾಂಪಸ್‌ಗೆ ಹೋಗಿ ಮುಗಿಸುವ ದಾರಿ. ಎಂಐಟಿ 2015ರಲ್ಲಿ ಶುರುಮಾಡಿದ ಮೈಕ್ರೋಮಾಸ್ಟರ್ಸ್ ಈ ಬಗೆಯದು. ಹೊರದೇಶದಲ್ಲಿ ನೆಲೆಸಬೇಕು ಎಂಬುದೇ ಗುರಿಯಾಗಿದ್ದರೆ, ಕೈಯಲ್ಲಿ ಪೂರ್ತಿ ದುಡ್ಡಿಲ್ಲದಿದ್ದರೆ, ಈ ದಾರಿಯನ್ನು ಮೊದಲು ನೋಡಿ ಎನ್ನುತ್ತೇನೆ. ಒಂದೇ ಎಚ್ಚರ: ಅಲ್ಲಿ ಕಳೆಯುವ ಅವಧಿ ಓದಿನ ನಂತರದ ವೀಸಾಕ್ಕೆ ಸಾಲಬೇಕು. ಆಸ್ಟ್ರೇಲಿಯಾದ 16 ತಿಂಗಳು, ಕೆನಡಾದ ಅರ್ಧ ಕೋರ್ಸ್ ನೆನಪಿದೆಯಲ್ಲ? ಆನ್‌ಲೈನ್ ಭಾಗ ಉದ್ದವಾಗಿ ಕ್ಯಾಂಪಸ್ ಭಾಗ 9 ತಿಂಗಳಿಗೆ ಇಳಿದರೆ ಉಳಿತಾಯವೂ ಹೋಯಿತು, ವೀಸಾವೂ ಹೋಯಿತು.

ಪದವಿಯೇ ಬೇಡ, ಸರ್ಟಿಫಿಕೇಟ್ ಸಾಕು ಎಂದರೆ

ಕೋರ್ಸೆರಾ, ಎಡ್‌ಎಕ್ಸ್ ಥರದ ಕೋರ್ಸ್ ತಾಣಗಳ ಸರ್ಟಿಫಿಕೇಟುಗಳು ಕೆಲಸದ ಮೇಜಿನಲ್ಲಿ ಅಷ್ಟಿಷ್ಟು ನಡೆಯುತ್ತವೆ. ವೀಸಾ ಮೇಜಿನಲ್ಲಿ ಅವು ಪದವಿಯಲ್ಲ. ಆದರೆ ಅನುಭವ ಇದ್ದವರಿಗೆ ಪಕ್ಕದ ಬಾಗಿಲುಗಳಿವೆ. ಪರಿಣತ ಕೆಲಸಗಾರರಿಗೆ ಕೊಡುವ ಜರ್ಮನಿಯ ಬ್ಲೂ ಕಾರ್ಡ್‌ನಲ್ಲಿ ಐಟಿಯವರಿಗೆ ಕಳೆದ 7 ವರ್ಷದಲ್ಲಿ 3 ವರ್ಷದ ತಕ್ಕ ಅನುಭವ, ಮಿತಿಗೆ ತಕ್ಕ ಸಂಬಳ ಇದ್ದರೆ ಪದವಿ ಇಲ್ಲದೆಯೂ ಆಗುತ್ತದೆ. 2023ರ ನವೆಂಬರ್‌ನಿಂದ ಇದು ಜಾರಿಯಲ್ಲಿದೆ. ಎಚ್‌-1ಬಿಯಲ್ಲಿ 3 ವರ್ಷದ ಪರಿಣತ ಕೆಲಸವನ್ನು 1 ವರ್ಷದ ಓದಿಗೆ ಸಮ ಎಂದು ಲೆಕ್ಕ ಹಾಕುವ ನಿಯಮ ಹಳೆಯದು. 3 ವರ್ಷದ ಪದವಿಯವರು ಕೊರತೆ ತುಂಬಿಕೊಳ್ಳುವುದೂ ಇದರಿಂದಲೇ. ಹತ್ತು ವರ್ಷ ಕೋಡ್ ಬರೆದವರು ವೀಸಾಕ್ಕೆಂದೇ ಹೊಸ ಪದವಿಗೆ ದುಡ್ಡು ಸುರಿಯುವ ಮೊದಲು ಈ ಎರಡನ್ನು ನೋಡಲಿ.

ಮರೆತುಹೋಗುವ ಖರ್ಚು

ಮೌಲ್ಯಮಾಪನ ವರದಿಯ ಶುಲ್ಕ, ವಿಶ್ವವಿದ್ಯಾಲಯದಿಂದ ಅಂಕಪಟ್ಟಿಯನ್ನು ನೇರವಾಗಿ ಕಳಿಸುವ ಶುಲ್ಕ, ಭಾಷಾಂತರ, ಅಪೊಸ್ಟಿಲ್ (ಕಾಗದ ಅಸಲಿ ಎಂದು ಸರ್ಕಾರ ಒತ್ತುವ ಮೊಹರು). 1961ರ ಹೇಗ್ ಒಪ್ಪಂದದಲ್ಲಿರುವ ದೇಶಗಳ ನಡುವೆ ಒಂದು ಅಪೊಸ್ಟಿಲ್ ಸಾಕು. ಸೌದಿ ಅರೇಬಿಯಾ 2022ರಲ್ಲಿ, ಕೆನಡಾ 2024ರಲ್ಲಿ ಇದರೊಳಗೆ ಬಂದವು. ಒಪ್ಪಂದದಲ್ಲಿಲ್ಲದ ದೇಶಕ್ಕೆ ರಾಯಭಾರ ಕಚೇರಿಯ ತನಕ ಮೊಹರಿನ ಮೇಲೆ ಮೊಹರು. ಇಲ್ಲಿ ಆನ್‌ಲೈನ್ ಓದಿಗೊಂದು ವಿಚಿತ್ರ ತೊಡಕು: ಪದವಿ ಯಾವ ದೇಶದ್ದೋ ಅಪೊಸ್ಟಿಲ್ ಅದೇ ದೇಶದಲ್ಲಿ ಆಗಬೇಕು. ನೀವು ಕಾಲಿಡದ ದೇಶದಲ್ಲಿ ನಿಮ್ಮ ಕಾಗದ ಓಡಾಡಬೇಕು. ದುಡ್ಡಿಗಿಂತ ಹೆಚ್ಚು ತಿನ್ನುವುದು ತಿಂಗಳುಗಳನ್ನು.

ಯಾರಿಗೆ ಯಾವುದು

ನರ್ಸ್, ಶಿಕ್ಷಕ, ವಕೀಲ ಆಗಬೇಕಾದವರು ವಿಶ್ವವಿದ್ಯಾಲಯದಿಂದ ಶುರುಮಾಡಲೇಬಾರದು. ಹೋಗಬೇಕಾದ ದೇಶದ ಪರವಾನಗಿ ಮಂಡಳಿಯಿಂದ ಹಿಂದಕ್ಕೆ ಬನ್ನಿ. ಎಂಜಿನಿಯರುಗಳಿಗೆ, ಒಂದು ದೇಶದ ಎಂಜಿನಿಯರಿಂಗ್ ಕೋರ್ಸನ್ನು ಇನ್ನೊಂದು ದೇಶ ಒಪ್ಪುವ 1989ರ ವಾಷಿಂಗ್ಟನ್ ಒಪ್ಪಂದ ಇದೆ. ಅದರಲ್ಲಿ ಮಾನ್ಯತೆ ಸಿಗುವುದು ವಿಶ್ವವಿದ್ಯಾಲಯಕ್ಕಲ್ಲ, ಆ ಒಂದು ಕೋರ್ಸಿಗೆ. ಕ್ಯಾಂಪಸ್ ಕೋರ್ಸಿಗೆ ಇರುವುದು ಅದರ ಆನ್‌ಲೈನ್ ರೂಪಕ್ಕೆ ಇಲ್ಲದೇ ಇರಬಹುದು.

ಈಗಾಗಲೇ ಒಂದು ಪದವಿ ಇದ್ದು, ಕೆಲಸದಲ್ಲಿದ್ದು, ಮೇಲೇರಲು ಸ್ನಾತಕೋತ್ತರ ಬೇಕಾದವರಿಗೆ ಹೆಸರಿರುವ ಆನ್‌ಲೈನ್ ಪದವಿ ಸರಿ. ವೀಸಾಕ್ಕೆ ಹಳೆಯ ಪದವಿಯೇ ಸಾಕಾಗುತ್ತದೆ, ಹೊಸದು ಸಂಬಳಕ್ಕೆ. ಮೊದಲ ಪದವಿಯೇ ಇಲ್ಲದವರಿಗೆ, ಬಜೆಟ್ ಚಿಕ್ಕದಾದವರಿಗೆ, ಸ್ವಂತ ದೇಶದ ಮಾನ್ಯ ಪದವಿ. ಇಪ್ಪತ್ತೆರಡರ ವಯಸ್ಸು, ಹೊರಗೇ ನೆಲೆಸಬೇಕು, ಸಾಲ ಮಾಡಲೂ ತಯಾರು ಎನ್ನುವವರಿಗೆ ಪೂರ್ತಿ ಆನ್‌ಲೈನ್ ಬೇಡ. ಅರ್ಧರ್ಧದ ದಾರಿ ಅಥವಾ ಕ್ಯಾಂಪಸ್ಸು.

ಫೀಸು ಕಟ್ಟುವ ಮುಂಚೆ ಎರಡು ಇಮೇಲ್ ಕಳಿಸಿ. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ: "ಪದವಿ ಪತ್ರ, ಅಂಕಪಟ್ಟಿ ಎರಡರ ಮಾದರಿ ಕಳಿಸಿ. ಓದಿನ ವಿಧಾನ ಅದರಲ್ಲಿ ಬರುತ್ತದೆಯೇ? ಮೌಲ್ಯಮಾಪನ ಸಂಸ್ಥೆಗೆ ನೇರವಾಗಿ ಕಳಿಸುತ್ತೀರಾ, ಎಷ್ಟು ದಿನ?" ಇನ್ನೊಂದು ನಿಮ್ಮ ಕಾಗದ ಕೊನೆಗೆ ತಲುಪುವ ಕಡೆಗೆ, ಅದು ಮಂಡಳಿಯೋ ಮೌಲ್ಯಮಾಪನ ಸಂಸ್ಥೆಯೋ: "ಈ ಸಂಸ್ಥೆಯ, ಈ ಹೆಸರಿನ, ಆನ್‌ಲೈನ್ ಓದಿದ ಪದವಿಯನ್ನು ಒಪ್ಪುತ್ತೀರಾ?" ಬಂದ ಉತ್ತರವನ್ನು ತಾರೀಖಿನ ಸಮೇತ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಎರಡು ವಾರ ಕಾದರೂ ಮೊದಲನೆಯವರಿಂದ ಉತ್ತರ ಬರದಿದ್ದರೆ, ನಾಳೆ ಅಂಕಪಟ್ಟಿ ಬೇಕಾದಾಗಲೂ ಅವರು ಹೀಗೇ.